ಹಿಂದಿನ ಚಕ್ರದ ನಟ್ಟು

ಮನೆ, ಹಿತ್ತಿಲ ಕಡೆಯ ಕೋಣೆ
ಹದಿನಾಲ್ಕನೇ ತಾರೀಖು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಯಜಮಾನಿತಿಗೆ,

ಹೇಗಿದ್ದೀಯ? ಕೆಮ್ಮು ನಿಂತಿತೇ? ಕಿಟಕಿ ತೆಗೆದು ಮಲಗಬೇಡ ಎಂದರೆ ಬೇಕೆಂದೇ ತೆಗೆದು ಮಲಗುತ್ತೀಯ, ಆದ್ದರಿಂದ ಹೇಳುವುದಿಲ್ಲ. ನಿನ್ನಕ್ಕನ ಬಿ.ಪಿ. ಹೇಗಿದೆ? ನಿನ್ನ ಜೊತೆ ನಲವತ್ತು ದಿನ ಇದ್ದೂ ಅದು ಏರಿಲ್ಲವೆಂದರೆ ಆಕೆ ಗಟ್ಟಿಗಿತ್ತಿಯೇ ಸರಿ. ನಾನು ಚೆನ್ನಾಗಿದ್ದೇನೆ. ಹಾಲು ಉಕ್ಕಿ ಚೆಲ್ಲುವುದು ವಾರಕ್ಕೆ ಎರಡೇ ಸಲಕ್ಕೆ ಇಳಿದಿದೆ. ನಿನ್ನ ಗುಲಾಬಿಗಳಿಗೆ ದಿನಾ ನೀರು ಹಾಕುತ್ತೇನೆ. ಒಂದು ಗಿಡ ಸತ್ತಿದೆ, ಯಾವುದೆಂದು ನೀನೇ ಬಂದು ನೋಡು, ನನಗೆ ಹೇಳಲು ಧೈರ್ಯವಿಲ್ಲ.

ಇನ್ನು ನಟ್ಟಿನ ವಿಷಯ. ಅವತ್ತು ಇಬ್ಬರೂ ಕಾರಿನಲ್ಲಿ ಅಕ್ಕನ ಮನೆಗೆ ಹೊರಟು ಸೇತುವೆ ಕೂಡ ದಾಟಿರಲಿಲ್ಲ, ಹಿಂದಿನ ಚಕ್ರ ಟಕ್ ಟಕ್ ಎನ್ನತೊಡಗಿತು, ಗಾಡಿ ಸೊಂಟ ಉಳುಕಿದವರ ಹಾಗೆ ವಾಲಾಡಿತು. ಇಳಿದು ಚಕ್ರದ ಮುಚ್ಚಳ ತೆಗೆದರೆ, ಆಕ್ಸಲಿನ ತುದಿಯ ಆ ದೊಡ್ಡ ನಟ್ಟು ನನ್ನ ಎರಡು ಬೆರಳಿಗೇ ತಿರುಗುತ್ತಿತ್ತು, ಅದನ್ನು ಹಿಡಿದಿಡಬೇಕಾದ ಪಿನ್ನು ತುಂಡಾಗಿತ್ತು. ಅದು ಮೂರನೇ ಸಲ ಬೇರೆ. ನೀನು ಚೀಲ ಎತ್ತಿಕೊಂಡು ಇಳಿದೆ. “ನಾನೊಬ್ಬನೇ ಸಾಕು ಅಂದಿದ್ರಲ್ಲ, ಒಬ್ರೇ ಓಡಿಸ್ಕೊಂಡು ಹೋಗಿ. ಈ ನಟ್ಟು ನಿಲ್ಲೋವರೆಗೂ ನಾನು ಕಾರೂ ಹತ್ತಲ್ಲ, ಮನೆಗೂ ಬರಲ್ಲ” ಎಂದು ಬಸ್ಸು ಹತ್ತಿಬಿಟ್ಟೆ. ಕಂಡಕ್ಟರು ನನ್ನ ಕಡೆ ನೋಡಿ ನಕ್ಕ, ಅದನ್ನು ನಾನಿನ್ನೂ ಮರೆತಿಲ್ಲ. ಕಳೆದ ವರ್ಷದಿಂದ ಕಾರಿನ ಕೆಲಸಕ್ಕೆ ನಿನ್ನನ್ನು ಕರೆಯದೆ, ನೀನು ಒಳಗಿರು, ನಾನೊಬ್ಬನೇ ಸಾಕು ಎನ್ನುತ್ತಿದ್ದೆನಲ್ಲ, ಆ ಮಾತು ನಿನ್ನನ್ನು ಅಷ್ಟು ಚುಚ್ಚಿತ್ತೆಂದು ನನಗೆ ತಿಳಿದದ್ದೇ ಆ ಸೇತುವೆಯ ಹತ್ತಿರ.

ಆಮೇಲೆ ನಾನು ಸುಮ್ಮನೆ ಕೂತಿಲ್ಲ. ಹೊಸ ನಟ್ಟು ತಂದೆ, ಹೊಸ ಪಿನ್ನು ಹಾಕಿದೆ, ಆಕ್ಸಲಿನ ತುದಿಯನ್ನು ಹಳೆಯ ಬನಿಯನ್ನಿನಿಂದ ಒರೆಸಿ ಒರೆಸಿ ಹೊಳೆಯಿಸಿದೆ. (ನಿನ್ನ ಒಳ್ಳೆಯ ಟವೆಲ್ಲೂ ಸ್ವಲ್ಪ ಕರ್ರಗಾಗಿದೆ.) ಹ್ಯಾಂಡ್‌ಬ್ರೇಕ್ ಎಳೆದು, ಟೈರಿಗೆ ಇಟ್ಟಿಗೆ ಒತ್ತುಕೊಟ್ಟು, ಸ್ಪ್ಯಾನರಿನ ಹಿಡಿಗೆ ಉದ್ದದ ಪೈಪು ಸಿಕ್ಕಿಸಿ, ಮುಖ ಕೆಂಪಾಗುವವರೆಗೆ ಬಿಗಿ ಮಾಡಿದೆ. ಮಾರ್ಕೆಟ್ಟಿನ ತನಕ ಹೋಗಿ ಬಂದು ಚಕ್ರ ಹಿಡಿದು ಅಲ್ಲಾಡಿಸಿದರೆ ಮತ್ತೆ ಕಟಕಟ. ನಟ್ಟು ತಿರುಗುತ್ತಿದೆಯೋ ಇಲ್ಲವೋ ನೋಡೋಣವೆಂದು ನಿನ್ನ ಡಬ್ಬಿಯಲ್ಲಿದ್ದ ಕೆಂಪು ಉಗುರುಬಣ್ಣದಿಂದ ನಟ್ಟಿಗೂ ಆಕ್ಸಲಿಗೂ ಸೇರಿಸಿ ಒಂದು ಗೆರೆ ಎಳೆದೆ. ಆ ಗೆರೆ ಕೂದಲೆಳೆಯಷ್ಟೂ ಸರಿಯಲಿಲ್ಲ, ಆದರೂ ಚಕ್ರ ಸಡಿಲ! ನಲವತ್ತು ವರ್ಷ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹೆಂಗಸರ ಕೈಗಡಿಯಾರ ರಿಪೇರಿ ಮಾಡಿದವನಿಗೆ, ಮುಷ್ಟಿಯಷ್ಟು ದೊಡ್ಡ ನಟ್ಟು ಹೀಗೆ ಮಂಕುಬೂದಿ ಎರಚಿದರೆ ಹೇಗಾಗಬೇಡ ಹೇಳು.

ಕೊನೆಗೆ ನಿನ್ನೆ ಗ್ಯಾರೇಜಿನ ಮೌನಿಯನ್ನು ಮನೆಗೇ ಕರೆಸಿದೆ. ಅವನಿಗೆ ಆ ಹೆಸರಿಟ್ಟವಳು ನೀನೇ, ಉಸಿರು ತೆಗೆದುಕೊಳ್ಳಲಿಕ್ಕೂ ಮಾತು ನಿಲ್ಲಿಸದವನು ಎಂದು. ಕಾರಿನ ಸುತ್ತ ಒಂದು ಸುತ್ತು ಬಂದು, ತನ್ನ ಮೂವರು ಭಾವಂದಿರ ಕಥೆ ಮುಗಿಸಿ, ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದ: “ಸಾರ್, ಬಿಗಿ ಮಾಡುವಾಗ ಒಳಗೆ ಕೂತು ಬ್ರೇಕ್ ಒತ್ತಿದ್ದು ಯಾರು?” ಯಾರೂ ಇಲ್ಲ ಎಂದೆ. ಅವನು ಬಗ್ಗಿ ಟೈರಿನ ಕೆಳಗೆ ಬೆರಳು ತೋರಿಸಿದ. ನನ್ನ ಇಟ್ಟಿಗೆ ಒಂದು ಗೇಣು ಮುಂದೆ ಜರುಗಿದ ಗುರುತು ನೆಲದ ಮೇಲೆ ಕಾಣುತ್ತಿತ್ತು. ಅಂದರೆ ನಾನು ಪೈಪಿನ ಮೇಲೆ ಜೋತುಬಿದ್ದಾಗಲೆಲ್ಲ ಕೊನೆಕೊನೆಗೆ ತಿರುಗಿದ್ದು ನಟ್ಟಲ್ಲ, ಇಡೀ ಚಕ್ರ, ನಮ್ಮ ಹಳೆಯ ಹ್ಯಾಂಡ್‌ಬ್ರೇಕಿಗೆ ಅದನ್ನು ಹಿಡಿಯುವಷ್ಟು ಬಲವಿಲ್ಲ. ಆಕ್ಸಲಿನ ತುದಿ ಬಾಟಲಿಯ ಬಿರಡೆಯಂತೆ ಸಣ್ಣಗಾಗುತ್ತ ಹೋಗುತ್ತದಂತೆ. ಚಕ್ರದ ನಡುಭಾಗ ಅದರ ಮೇಲೆ ಕೊನೆಯವರೆಗೆ ಏರಿ ಕೂರಬೇಕು. ಅರ್ಧಕ್ಕೇ ಕೂತದ್ದು ರಸ್ತೆಯಲ್ಲಿ ಕುಲುಕಾಡಿ ತಾನಾಗಿ ಒಳಸರಿಯುತ್ತದೆ, ನಟ್ಟು ಇದ್ದಲ್ಲೇ ಇದ್ದು ಸಡಿಲಾಗುತ್ತದೆ.

ಮೂವತ್ತು ವರ್ಷ ಈ ನಟ್ಟು ಒಂದು ಸಲವೂ ಸಡಿಲಾಗಲಿಲ್ಲ. ನನ್ನ ತೋಳಿನ ಬಲವೇ ಬಲ ಎಂದು ಬೀಗುತ್ತಿದ್ದೆ. ನೀನು ಒಳಗೆ ಕುಳಿತು, ಸ್ಟಿಯರಿಂಗಿನ ಮೇಲೆ ವಾರಪತ್ರಿಕೆ ಹರಡಿಕೊಂಡು, ಬ್ರೇಕ್ ಒತ್ತಿರುತ್ತಿದ್ದೆ. ಒತ್ತಿದೀಯೇನೇ ಎಂದು ನಾನು ಕೂಗುವುದು, “ಒತ್ತಿದೀನಿ ರೀ, ಎಷ್ಟು ಸಲ ಕೇಳ್ತೀರಿ” ಎಂದು ನೀನು ಸಿಡುಕುವುದು. ನೀನು ಕಥೆಯ ರುಚಿಯಲ್ಲಿ ಕಾಲು ಸಡಿಲ ಬಿಟ್ಟರೆ ನಾನು ಬೈಯುತ್ತಿದ್ದೆನೇ ಹೊರತು, ಕೆಲಸದ ಅರ್ಧ ನಿನ್ನದೆಂದು ಒಂದು ದಿನವೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ. ತಪ್ಪು ನನ್ನದು, ಪೂರ್ತಿ ನನ್ನದು.

ಮೌನಿ ತಾನೇ ಒಳಗೆ ಕೂತು ಒತ್ತುತ್ತೇನೆ, ಎರಡು ನಿಮಿಷದ ಕೆಲಸ ಎಂದ. ಬಾಗಿಲು ತೆಗೆದು ಕೂರಲು ಹೋದವನನ್ನು ಬೇಡವೆಂದು ತಡೆದೆ. ನಿನ್ನ ಜಾಗದಲ್ಲಿ ಇನ್ನೊಬ್ಬ ಕೂರುವುದು ನೋಡಲಾಗಲಿಲ್ಲ, ನಗಬೇಡ. ಈಗ ನಮ್ಮ ಪಜೀತಿ ನೋಡು: ನಟ್ಟು ನಿಲ್ಲದೆ ನೀನು ಬರುವುದಿಲ್ಲ, ನೀನು ಬರದೆ ನಟ್ಟು ನಿಲ್ಲುವುದಿಲ್ಲ. ಹಟದಲ್ಲಿ ನೀನೇ ಗೆದ್ದೆ ಎಂದು ಬರೆದುಕೊಡುತ್ತೇನೆ, ಈ ಕಾಗದವನ್ನೇ ಇಟ್ಟುಕೋ. ನೀನಿಲ್ಲದ ಮನೆ ನನಗೆ ಬೇಜಾರು.

ಅಕ್ಕನಿಗೆ ನನ್ನ ನಮಸ್ಕಾರ ಹೇಳು. ಇದನ್ನು ಆಕೆಗೆ ಓದಿ ಹೇಳಬೇಡ.

ನಿನ್ನ
ಗಡಿಯಾರದವನು

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿನ್ನನ್ನು ಕರೆಯುವುದು ಬಿಟ್ಟದ್ದು ನೀನು ಬೇಡವೆಂದಲ್ಲ. ಹೋದ ವರ್ಷ ಬ್ರೇಕ್ ಒತ್ತಿ ಇಳಿದವಳು, ನಾನು ನೋಡುತ್ತಿಲ್ಲವೆಂದುಕೊಂಡು, ಬಾಗಿಲು ಹಿಡಿದು ಬಲಮೊಣಕಾಲು ನೀವಿಕೊಂಡೆ. ಕೇಳಿದರೆ ಏನೂ ಇಲ್ಲ ಎನ್ನುತ್ತೀಯ ಎಂದು ಕೇಳದೆ, ನಾನೊಬ್ಬನೇ ಸಾಕು ಎಂದುಬಿಟ್ಟೆ. ಈಗಷ್ಟೇ ಹೋಗಿ ನಿನ್ನ ಜಾಗದಲ್ಲಿ ಕುಳಿತು ನೋಡಿ ಬಂದೆ. ಇಂಜಿನ್ನೇ ಆಫ್ ಆಗಿರುವಾಗ ಯಾವ ಕಾಲಾದರೇನು, ಎಡಗಾಲಲ್ಲಿ ಆರಾಮವಾಗಿ ಒತ್ತಬಹುದು ಕಣೇ. ಶುಕ್ರವಾರದ ಬಸ್ಸಿಗೆ ಬಾ.