ಕೈ ಎತ್ತಲಾಗದವರ ಅಂಗಿ

ಮನೆಯಿಂದ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯಾ? ಕೆಮ್ಮು ಇಳಿಯಿತಾ? ಅಳಿಯಂದಿರು ಹೊಸ ಕೆಲಸಕ್ಕೆ ಹೊಂದಿಕೊಂಡರಾ? ಫೋನಿನಲ್ಲಿ ನಿನ್ನ ದನಿ ಕೇಳಿದರೆ ಹೇಳಬೇಕೆಂದದ್ದೆಲ್ಲ ಬಿಟ್ಟು, ಅಡುಗೆ ಏನೆಂದು ಕೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಬರೆಯಲು ಕೂತೆ.

ಅಪ್ಪನಿಗೆಂದು ನಾನು ಹೊಲಿಯುತ್ತಿದ್ದ ಅಂಗಿ ನೆನಪಿದೆಯಲ್ಲ, ಹೆಗಲಿನಿಂದ ತೋಳಿನುದ್ದಕ್ಕೂ ಬಿಚ್ಚಿಕೊಳ್ಳುವಂಥದ್ದು? ಅವರು ಹೋದ ಮೇಲೆ ನಾನು ಮೆಷಿನ್ ಮುಟ್ಟಿರಲಿಲ್ಲ. ನಿನ್ನ ಚಿಕ್ಕಪ್ಪನೇ ಹಟ ಹಿಡಿದು ನನ್ನನ್ನು ಮತ್ತೆ ಹೊಲಿಯಲು ಕೂರಿಸಿ, ಅಂಥ ಅಂಗಿಗಳನ್ನು ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟ. ಜನ ಏನೆಂದು ಟೈಪ್ ಮಾಡಿ ಹುಡುಕಿದರೆ ನಮ್ಮ ಜಾಹೀರಾತು ಕಾಣಿಸಬೇಕೋ ಆ ಪದಗಳನ್ನು ನಾವೇ ಕೊಡಬೇಕಂತೆ. ಯಾರಾದರೂ ಅದನ್ನು ಒತ್ತಿದರೆ ಸಾಕು, ಕೊಳ್ಳಲಿ ಬಿಡಲಿ, ನಮ್ಮ ದುಡ್ಡು ಹೋಯಿತು. ಮೊದಲು ‘ಗಂಡಸರ ಅಂಗಿ’ ಎಂದು ಕೊಟ್ಟೆವು. ಮದುವೆಗೆ ಹುಡುಕುವವರು, ಆಫೀಸಿಗೆ ಹುಡುಕುವವರು, ಎಲ್ಲರೂ ಬಂದು ಒತ್ತಿ, ನೋಡಿ, ಹೋದರು. ಒಂದೂ ಮಾರಾಟವಾಗಲಿಲ್ಲ. “ಅತ್ತಿಗೆ, ದಾರೀಲಿ ಹೋಗೋರನ್ನೆಲ್ಲ ಕರೆದು ಕಾಫಿ ಕುಡಿಸಿ ಕಳಿಸಿದ ಹಾಗಾಯ್ತು” ಎಂದು ತಲೆ ಚಚ್ಚಿಕೊಂಡ.

ಆಮೇಲೆ ಅವನೇ ಕೇಳಿದ, “ಅಣ್ಣ ಮಲಗಿದ್ದಾಗ ನೀವು ಏನಂತ ಹುಡುಕ್ತಿದ್ರಿ? ಅದನ್ನೇ ಹೇಳಿ.” ಹೇಳಿದೆ. ‘ಮಲಗಿದವರಿಗೆ ಅಂಗಿ ಹಾಕುವುದು ಹೇಗೆ.’ ‘ಲಕ್ವ ಹೊಡೆದ ಕೈ ತೋಳಿನೊಳಗೆ ಹೋಗುವುದಿಲ್ಲ.’ ‘ಬಟ್ಟೆ ಬದಲಿಸುವಾಗ ಅಳುತ್ತಾರೆ.’ ಅವನು ಒಂದೊಂದೇ ಟೈಪ್ ಮಾಡುತ್ತಾ ಬಂದ. ಕೊನೆಯದನ್ನು ಅರ್ಧಕ್ಕೇ ಬಿಟ್ಟು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಅಂಥ ಮಾತುಗಳಿಗೆ ಬೇರೆ ವ್ಯಾಪಾರಿಗಳ ಪೈಪೋಟಿಯೇ ಇಲ್ಲವಂತೆ, ಅಗ್ಗ. ಬಂದವರು ಕಡಿಮೆ, ಆದರೆ ಬಂದವರು ಕೊಂಡರು.

ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಜನ ಏನೇನು ಟೈಪ್ ಮಾಡಿ ನಮ್ಮ ಹತ್ತಿರ ಬಂದರೆಂದು ಅವನು ದಿನಾ ತೋರಿಸುತ್ತಾನೆ. ಓದುತ್ತಾ ಹೋದರೆ ಊರೂರಿನ ಹಿಂದಿನ ಕೋಣೆಗಳಿಗೆಲ್ಲ ಇಣುಕಿದ ಹಾಗಾಗುತ್ತದೆ, ಎಲ್ಲ ಕೋಣೆಯಲ್ಲೂ ನಿನ್ನ ಅಪ್ಪನೇ ಮಲಗಿದ್ದಾರೆ. ಒಬ್ಬಾಕೆ ತರಿಸಿಕೊಂಡ ಪೊಟ್ಟಣ ಬಿಚ್ಚದೆಯೇ ವಾಪಸ್ ಬಂತು. “ಇನ್ನು ಬೇಡ” ಎಂದಷ್ಟೇ ಬರೆದಿದ್ದಳು. ಕೊಂಡವರೇ ಮತ್ತೆ ಮತ್ತೆ ಬಂದರೆ ವ್ಯಾಪಾರ ಕುದುರುತ್ತದೆ ಅನ್ನುತ್ತಾನೆ ಚಿಕ್ಕಪ್ಪ. ನಮ್ಮಲ್ಲಿ ಕೊಂಡವರು ಮತ್ತೆ ಎಲ್ಲಿಂದ ಬರಬೇಕು ಹೇಳು.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಿದ್ದರೂ ನೀವಿಬ್ಬರೂ ತಣ್ಣಗಿರಿ.

ನಿನ್ನ
ಅಮ್ಮ

ಲಕೋಟೆ ಅಂಟಿಸುವ ಮೊದಲು ಇದೊಂದು. ನಿನ್ನೆ ಚಿಕ್ಕಪ್ಪ ಹೊಸ ಪದ ಕೊಡಿ ಎಂದಾಗ, ‘ಒಬ್ಬಳೇ ಇರುವವಳು ಏಳದ ಕೈಗೆ ಬಟ್ಟೆ ಹಾಕಿಕೊಳ್ಳುವುದು ಹೇಗೆ’ ಎಂದೆ. “ಭಲೇ ಅತ್ತಿಗೆ, ಹೆಂಗಸರನ್ನ ಮರೆತೇ ಬಿಟ್ಟಿದ್ವಲ್ಲ!” ಎಂದು ಕುಣಿದಾಡಿದ. ಅದು ಹೋದ ವಾರ ನಾನೇ ಹುಡುಕಿದ್ದು. ಏನೂ ಸಿಗಲಿಲ್ಲ. ಬಲಗೈ ಹೆಗಲಿನವರೆಗೂ ಏಳುತ್ತಿಲ್ಲ, ಬೆರಳುಗಳೂ ಮರಗಟ್ಟುತ್ತಿವೆ. ಅಕ್ಷರ ನೋಡಿದಾಗಲೇ ನಿನಗೆ ಗೊತ್ತಾಗಿರಬೇಕು. ಅವನಿಗೆ ಹೇಳಿಲ್ಲ. ಉತ್ತರ ಬರೆಯುತ್ತಾ ಕೂರಬೇಡ, ಬಾ.