ಗಂಟಿನ ಮಟ್ಟದ ಕುದುರೆ

ಬಿಜೂರು
ಶುಕ್ರವಾರ, ಜನವರಿ ೯

ಪ್ರೀತಿಯ ಅಣ್ಣ ಅಕ್ಷಯನಿಗೆ,

ಹಾಲುಹಲ್ಲು ಉದುರದ ಮರಿಯ ಬೆನ್ನ ಮೇಲೆ ನೀನು ಕಂಡಕಂಡವರನ್ನೆಲ್ಲ ಹೊರಿಸಿದೆ. ಇದು ಅನ್ಯಾಯ. ಇದಕ್ಕೆ ಬೇರೆ ಹೆಸರಿಲ್ಲ.

ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ, ಅದಕ್ಕೇ ಈ ಕಾಗದ. ನಮ್ಮ ಕುದುರೆ ಬೊಟ್ಟುವನ್ನು ಯಾರೂ ಕದ್ದಿಲ್ಲ. ಬುಧವಾರ ನೀನು ಗಂಗೊಳ್ಳಿಗೆ ಹೋಗಿದ್ದಾಗ ನಾನೇ ಅದನ್ನು ತಿಮ್ಮನ ಮೀನಿನ ಪಿಕಪ್‌ಗೆ ಹತ್ತಿಸಿ ಇಲ್ಲಿಗೆ, ಸುಂದರಿ ಚಿಕ್ಕಮ್ಮನ ತೆಂಗಿನ ತೋಟಕ್ಕೆ ತಂದೆ. ಕುಂಟುವ ಕುದುರೆಯನ್ನು ಸೋಮವಾರ ಮದುವೆ ಮೆರವಣಿಗೆಯವನಿಗೆ ಮಾರುತ್ತೀಯೆಂದು ಕೇಳಿದ ಮೇಲೆ ನಾನು ಸುಮ್ಮನಿರುವವಳಲ್ಲ.

ನೀನು ಕೆಟ್ಟವನಾಗಿದ್ದರೆ ಈ ಕಾಗದ ಸುಲಭವಾಗುತ್ತಿತ್ತು. ತ್ರಾಸಿಯ ಮರಳಿನಲ್ಲಿ ನಿನ್ನ ದೊಡ್ಡ ಬಿಳಿ ಕುದುರೆಯನ್ನು ಹತ್ತಲು ನನಗೆ ಯಾರಾದರೂ ಕೈ ಕೊಡಬೇಕಿತ್ತು. "ಹ್ವಾಯ್ ಗಿಡ್ಡಿ, ಏಣಿ ತಕಂಡ್ ಬಾ" ಎಂದು ಚರುಮುರಿ ಅಂಗಡಿಯವರೆಲ್ಲ ನಕ್ಕರು. ನೀನೊಬ್ಬ ನಗಲಿಲ್ಲ. "ಕಾಣಿ, ನನ್ ತಂಗಿಗೆ ಅವ್ಳ್ ಅಳತಿದೇ ಕುದ್ರಿ ತತ್ತೆ" ಎಂದೆ. ಅಪ್ಪಯ್ಯ ಬಲೆಯ ಹಗ್ಗವನ್ನು ನನ್ನ ಪಾದದಿಂದ ಗದ್ದದವರೆಗೆ ಎಳೆದು ಹಿಡಿದು ಗಂಟು ಹಾಕಿದರು. ದೋಣಿಯ ಹುಟ್ಟನ್ನು ಅದನ್ನು ಹಿಡಿಯುವವನ ಗದ್ದದ ಮಟ್ಟಕ್ಕೆ ಕೊಯ್ಯುವುದು ಅವರ ಕ್ರಮವಲ್ಲವೇ? "ಹುಟ್ಟ್ ಸಮ ಇದ್ರೆ ದೋಣಿ ಮಾತ್ ಕೇಣತ್ತ್. ಕುದ್ರಿಯೂ ಹಂಗೇ" ಎಂದರು. ನೀವಿಬ್ಬರೂ ಆ ಹಗ್ಗ ಹಿಡಿದು ಘಟ್ಟ ಹತ್ತಿ, ಗಂಟಿಗೆ ಸರಿಯಾಗಿ ನಿಂತ ಕುದುರೆಯನ್ನೇ ತಂದಿರಿ.

ಆದರೆ ಮರದ ಹುಟ್ಟು ಬೆಳೆಯುವುದಿಲ್ಲ, ಅಣ್ಣ. ಚೌತಿಗೆ ಗಂಟಿನ ಮಟ್ಟಕ್ಕಿದ್ದ ಬೊಟ್ಟು ಡಿಸೆಂಬರಿಗೆ ಅದನ್ನು ಎರಡು ಬೆರಳು ದಾಟಿತು. "ನಮ್ ಹುಲ್ಲ್ ಮೈಗ್ ಹಿಡ್ದಿತ್ ಕಾಣ್" ಎಂದು ಅಪ್ಪಯ್ಯ ಹಿಗ್ಗಿದರು. ಅದು ಸಣ್ಣ ಕುದುರೆಯಲ್ಲ, ಇನ್ನೂ ಮಗು ಎಂದು ಯಾರಿಗೂ ಹೊಳೆಯಲಿಲ್ಲ.

ಕುಂದಾಪುರ ಬಸ್ ನಿಲ್ದಾಣದಲ್ಲಿ ಪ್ರಾಣಿದಯೆಯವರು ಹಂಚಿದ ಕಿರುಪುಸ್ತಕವನ್ನು ನಿನಗೆ ಓದಿ ಹೇಳಿದೆ. ಕುಳ್ಳಗಿರುವವರಿಗೆ ಕುಳ್ಳ ಕುದುರೆಯೇ ಬೇಕೆಂದಿಲ್ಲ. ಹತ್ತಲು ಒಂದು ಕಲ್ಲು ಸಾಕು, ಕಾಲಿಡುವ ರಿಕಾಪಿನ ಪಟ್ಟಿಯನ್ನು ಗಿಡ್ಡ ಮಾಡಿದರಾಯಿತು. ಕುದುರೆಯ ಹೊಟ್ಟೆ ತೀರಾ ಅಗಲವಿರದೆ ಹತ್ತುವವರ ಕಾಲಿಗೆ ಒಗ್ಗಬೇಕು. ಎಲ್ಲಕ್ಕಿಂತ ಮೊದಲು ಕುದುರೆಗೆ ಪ್ರಾಯ ತುಂಬಿರಬೇಕು. ಬೊಟ್ಟುವಿನ ತುಟಿ ಎತ್ತಿ ಹಾಲುಹಲ್ಲನ್ನೂ ತೋರಿಸಿದೆ. "ನೀ ಎಂತ ಹಲ್ಲಿನ್ ಡಾಕ್ಟ್ರಾ? ಪುಸ್ತ್ಕ ಓದಿ ಓದಿ ತಲಿ ಹಾಳಾಯ್ತ್ ನಿಂದ್" ಎಂದೆ ನೀನು. ನಾನು ಹತ್ತುವುದಿಲ್ಲ ಎಂದದ್ದಕ್ಕೆ ನೀನು ಸಿಟ್ಟು ಮಾಡಿ ಪ್ರವಾಸಿಗರನ್ನು ಹತ್ತಿಸಿದೆ.

ಕ್ರಿಸ್ಮಸ್ ರಜೆಯಲ್ಲಿ ಒಬ್ಬ ದಡೂತಿ ಮನುಷ್ಯ ಮಗುವನ್ನು ಮುಂದೆ ಕೂರಿಸಿಕೊಂಡು ಹತ್ತಿದ. ಬೊಟ್ಟು ಹಸಿ ಮರಳಿನಲ್ಲಿ ಮುಂಗಾಲು ಮಡಚಿ ಕುಸಿಯಿತು. ಕುದುರೆ ಸಮುದ್ರಕ್ಕೆ ನಮಸ್ಕಾರ ಮಾಡಿತೆಂದು ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನೀನು ಅದನ್ನು ಎಬ್ಬಿಸಿದೆ. ಮರುದಿನ ಮಂಡಿಗೆ ಎಣ್ಣೆಬಟ್ಟೆ ಕಟ್ಟಿ ಮತ್ತೆ ಹೊರಡಿಸಿದೆ. ಮೂಕ ಪ್ರಾಣಿ ಎನ್ನುವುದು ನಾವು ನಮ್ಮ ಅನುಕೂಲಕ್ಕೆ ಕಟ್ಟಿಕೊಂಡ ಸುಳ್ಳು. ಅದು ಅಂದಿನಿಂದಲೂ ಕಾಲೆತ್ತಿ ಹೇಳುತ್ತಲೇ ಇದೆ.

ಮಾರಾಟ ನಿಲ್ಲಿಸು. ಅದು ಬೆಳೆದು ಮುಗಿಯುವವರೆಗೆ ಇಲ್ಲೇ ಮೇಯಲಿ. ಆಮೇಲೆ ಅದು ನನಗಿಂತ ಎಷ್ಟೇ ಎತ್ತರವಾದರೂ ಕಲ್ಲು ಹತ್ತಿ ಏರುತ್ತೇನೆ, ನಗುವವರು ನಗಲಿ. ನೀನು ಒಪ್ಪದಿದ್ದರೆ ಠಾಣೆಯ ಮೆಟ್ಟಿಲು ಹತ್ತುತ್ತೇನೆ. ಆಗ ನೀನು ಅಣ್ಣನೆಂದು ನೋಡುವುದಿಲ್ಲ.

ಸಂಜೆ ಬೈಂದೂರಿನಿಂದ ಪಶುವೈದ್ಯರು ಬರುತ್ತಾರೆ. ಕಾಲಿಗೆ ಪಟ್ಟಿ ಹಾಕಿದರೆ ಸರಿಹೋದೀತು.

ನಿನ್ನ ತಂಗಿ,
ಮೋಕ್ಷಿತಾ

ತಾ.ಕ.: ಶನಿವಾರ ಬೆಳಿಗ್ಗೆ. ಕಾಗದವನ್ನು ತಿಮ್ಮನ ಕೈಗೆ ಕೊಡುವ ಮುಂಚೆ ಇಷ್ಟು ಸೇರಿಸುತ್ತಿದ್ದೇನೆ. ಮೇಲಿನದನ್ನು ಹೊಡೆದುಹಾಕಿಲ್ಲ, ಅದೆಲ್ಲ ನಿಜವೇ. ಆದರೆ ನಿನ್ನೆ ಡಾಕ್ಟರು ಬಂದಾಗ ಬೊಟ್ಟು ಏಳಲಿಲ್ಲ. ಮಂಡಿಯ ಮೂಳೆ ಒಳಗೆ ಸೀಳಿದೆಯಂತೆ, ಇನ್ನು ಕೂಡುವುದಿಲ್ಲವಂತೆ. ನೋವಿಗೆ ಚುಚ್ಚಿದ ಮದ್ದು ನಾಳೆಯವರೆಗೆ ಮಾತ್ರ. "ಅದನ್ನ್ ಹೆಚ್ಚ್ ಕಾಯ್ಸ್ಬೇಡಿ" ಎಂದರು. ಕಣ್ಣು ಮುಚ್ಚಿಸುವ ಕೊನೆಯ ಸೂಜಿಗೆ ಒಡೆಯನ ಒಪ್ಪಿಗೆ ಬೇಕು. ಠಾಣೆಯ ಮಾತು ಬಿಟ್ಟುಬಿಡು. ರಸ್ತೆಯಲ್ಲಿ ಬೈಕಿನ ಸದ್ದಾದಾಗಲೆಲ್ಲ ನೀನು ಬಂದೆಯೆಂದು ಬೊಟ್ಟು ಕಿವಿ ನಿಮಿರಿಸುತ್ತದೆ. ನಾನೊಬ್ಬಳೇ ಅದರ ತಲೆ ಹಿಡಿದುಕೊಳ್ಳಲಾರೆ, ಅಣ್ಣ. ಡಾಕ್ಟರು ನಾಳೆ, ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತಾರೆ. ನೀನು ಎಂಟಕ್ಕೇ ಬಾ.