ಉಳವಿಯ ದಾರಿಯಲ್ಲಿ ಉಳಿವೆಪ್ಪನಿಲ್ಲ

ಮಾಸೂರು,
ಮೇ ೧೨, ೧೯೩೮

ದಾನಕ್ಕನವರಿಗೆ, ಶಿಗ್ಗಾಂವದ ನಿಮ್ಮ ಕಟ್ಟೆಯ ಮೇಲೆ ರೊಟ್ಟಿ ತಿಂದು ಬೆಳೆದ ಸವಣೂರಿನ ಹಯಾತನ ಸಲಾಮುಗಳು.

ಅಕ್ಕಾ, ಮೊದಲು ನನ್ನನ್ನು ಬೈದುಬಿಡಿ, ಆಮೇಲೆ ಓದಿರಿ. ನಿಮ್ಮ ತಮ್ಮ ಉಳಿವೆಪ್ಪ ಉಳವಿಗೆ ಹೋಗಿಲ್ಲ. ಶಾಲೆಗೆ ಬೇಸಿಗೆ ರಜೆ ಬಿಟ್ಟ ಕೂಡಲೇ ನನ್ನ ಜೊತೆ ಮದಗದ ಕೆರೆಗೆ ಮೀನು ಹಿಡಿಯಲು ಬಂದಿದ್ದಾನೆ. ಲಿಂಗ ಕಟ್ಟಿದ ಮಾಸ್ತರ ಗಾಳ ಹಾಕಲು ಹೊರಟನೆಂದರೆ ನೀವು ಹೊಸ್ತಿಲು ದಾಟಲು ಬಿಡುತ್ತಿದ್ದಿರೇನು? ಅದಕ್ಕೇ ದೇವರ ಹೆಸರು ಹೇಳಿದ. ದೇವರಿಗೆಂದು ನೀವು ಕಟ್ಟಿಕೊಟ್ಟ ಮಾದಲಿಯನ್ನು ಇಬ್ಬರೂ ಕೆರೆಯ ಏರಿಯ ಮೇಲೆ ಕುಳಿತು ತಿಂದು ಮುಗಿಸಿದೆವು.

ಬಂದ ಹೊಸದರಲ್ಲಿ ಬಲು ಸುಖವಾಗಿತ್ತು. ಗಾಳ ಇಳಿಬಿಟ್ಟು ಮರದ ನೆರಳಲ್ಲಿ ಕುಳಿತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ತಿನ್ನುವವನಲ್ಲ, ಹಿಡಿದು ಬಿಟ್ಟುಬಿಡುತ್ತೇನೆ, ಅದರಲ್ಲೇನು ಪಾಪ ಅನ್ನುತ್ತಿದ್ದ ಉಳಿವೆಪ್ಪ. ಆದರೂ ಒಳಗೊಳಗೆ ಅಳುಕು. ಎದೆಯ ಮೇಲಿನ ಲಿಂಗಕ್ಕೆ ಮೀನಿನ ನೀರು ಸಿಡಿಯಬಾರದೆಂದು, ಅದನ್ನಿಟ್ಟ ಬೆಳ್ಳಿಯ ಕರಡಿಗೆಯನ್ನು ಕೊರಳಿಂದ ಬಿಚ್ಚಿ, ರುಮಾಲಿನ ಮಡಿಕೆಯಲ್ಲಿ ತಲೆಯ ಮೇಲೆ ಇಟ್ಟುಕೊಂಡ.

ಮೊನ್ನೆ ಮಧ್ಯಾಹ್ನ ಅವನ ಗಾಳಕ್ಕೆ ಮೊದಲ ಮೀನು ಬಿತ್ತು. ತೂಬಿನ ಕಟ್ಟೆಯ ಮೇಲೆ ಕುಣಿದಾಡಿಬಿಟ್ಟ. ಎಳೆಯಲು ಬಗ್ಗಿದಾಗ ರುಮಾಲು ಜಾರಿ ನೀರಿಗೆ ಬಿತ್ತು. ರುಮಾಲು ತೇಲಿತು, ಕರಡಿಗೆ ಮುಳುಗಿತು.

ಆಗಿನಿಂದ ಅವನು ಅನ್ನ ಮುಟ್ಟಿಲ್ಲ. ಲಿಂಗಪೂಜೆಯಾಗದೆ ಹನಿ ನೀರನ್ನೂ ಕುಡಿಯಲೊಲ್ಲ. ಹೊಸದು ಕಟ್ಟಿಸಿಕೋ ಎಂದರೆ, "ಹುಟ್ಟಿದಾಗ ಕಟ್ಟಿದ್ದು ಅದು, ಬ್ಯಾರೆ ಒಲ್ಲೆ. ಸಿಕ್ಕರ ಮನಿಗೆ ಬರ್ತೇನಿ, ಇಲ್ಲಂದ್ರ ನಾನೂ ಅಲ್ಲೇ" ಎಂದು ನೀರಿನ ಕಡೆ ಕೈ ತೋರಿಸುತ್ತಾನೆ. ಉರಿಬಿಸಿಲಲ್ಲಿ ಮುಳುಗುತ್ತಾನೆ, ಏಳುತ್ತಾನೆ, ಮತ್ತೆ ಮುಳುಗುತ್ತಾನೆ. ತುಟಿ ಒಡೆದಿವೆ. ಒಂದೊಂದು ಸಲಕ್ಕೂ ಮೇಲೆ ಬರುವುದು ತಡವಾಗುತ್ತಿದೆ. ನನಗೆ ಬಹಳ ಹೆದರಿಕೆಯಾಗಿದೆ ಅಕ್ಕಾ.

ಇಲ್ಲಿಯ ಅಂಬಿಗ ಹೊಳಬಸಪ್ಪ ಇಂದು ಅವನಿಗೆ ಕೈ ಮುಗಿದು ಹೇಳಿದ: "ಮಾಸ್ತರ, ತೂಬಿನ ಬಾಯಿಗೆ ಇಳೀಬ್ಯಾಡ್ರಿ. ನಾಳೆ ಮುಂಜಾನೆ ಹೊಲಗದ್ದಿಗೆ ನೀರು ಬಿಡ್ತಾರ. ತೂಬು ತೆಗದ್ರ ಅದು ಎತ್ತನ್ನೂ ಎಳಕೊಂಡು ಹೋಗತೈತಿ."

ಉಳಿವೆಪ್ಪ ನಕ್ಕುಬಿಟ್ಟ. "ಛಲೋ ಆತು. ಲಿಂಗ ಹೋದ ದಾರಿಗೆ ನಾನೂ ಹೋಗ್ತೇನಿ" ಎಂದ. ಆ ನಗೆ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಒಂದು ದಿನ ತಡೆಯಿರೆಂದು ನೀರು ಬಿಡುವವನ ಕಾಲು ಹಿಡಿದೆ. ರೈತರ ಪಾಳಿ ತಪ್ಪಿಸಲಾಗದು ಎಂದ.

ಮನೆಗೆ ತಿಳಿಸಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದ. ಆಣೆ ಮುರಿದು ಬರೆಯುತ್ತಿದ್ದೇನೆ. ಮೋಟಾರು ನಡೆಸುವ ಗುತ್ತೆಪ್ಪನ ಕೈಯಲ್ಲಿ ಕಾಗದ ಕಳಿಸುತ್ತಿದ್ದೇನೆ, ಅದೇ ಮೋಟಾರಿನಲ್ಲಿ ಸಂಜೆಗೇ ಹೊರಟು ಬನ್ನಿರಿ. ಅವನು ನನ್ನ ಮಾತು ಕೇಳುತ್ತಿಲ್ಲ.

ನಿಮ್ಮ ಇನ್ನೊಬ್ಬ ತಮ್ಮ,
ಹಯಾತ

ತಾ.ಕ.: ಮಡಿಚಿದ ಕಾಗದವನ್ನು ಮತ್ತೆ ಬಿಚ್ಚಿದೆ. ಲಿಂಗ ಸಿಕ್ಕಿದೆ ಅಕ್ಕಾ. ನಿನ್ನೆ ಸಂಜೆ ಅವನು ಸೋತು ಮಲಗಿದ್ದಾಗ ನಾನೇ ಮುಳುಗಿ, ಕೆಸರಲ್ಲಿ ತಡಕಾಡಿ ತೆಗೆದೆ. ಓಡಿಹೋಗಿ ಕೊಡಬೇಕೆಂದು ಎದ್ದವನು ನಿಂತುಬಿಟ್ಟೆ. ಪರರ ಕೈ ತಾಗಿದ ಲಿಂಗವನ್ನು ಅವನು ಮತ್ತೆ ಕಟ್ಟಿಕೊಳ್ಳುವನೇ? ಒಲ್ಲೆ ಎಂದುಬಿಟ್ಟರೆ ಅವನಿಗೆ ಬದುಕಲು ಯಾವ ಆಸೆ ಉಳಿಯಿತು? ಅವನಿಗೇ ಸಿಗಲೆಂದು ದಂಡೆಯ ಮೆಟ್ಟಿಲ ಮೇಲೆ, ಮೊಣಕಾಲುದ್ದ ನೀರಿನಲ್ಲಿ ಇಟ್ಟು ಬಂದೆ. ಬೆಳಗಿನಿಂದ ಅದರ ಪಕ್ಕದಲ್ಲೇ ನಡೆದು ಆಳಕ್ಕೆ ಹೋಗುತ್ತಿದ್ದಾನೆ, ಕೆಳಗೆ ನೋಡುವುದಿಲ್ಲ. ನಾನು ತೋರಿಸಿದರೆ ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾನೆ. ಅವನ ಮುಖ ನೋಡಿ ಸುಳ್ಳು ಹೇಳಲು ನನಗೆ ಬರುವುದಿಲ್ಲ. ನೀವು ಕಾಲು ತೊಳೆಯುವ ನೆವ ಮಾಡಿ ಆ ಮೆಟ್ಟಿಲಿಗೆ ಇಳಿದು ಎತ್ತಿಕೊಡಿ. ನಾನು ಮುಟ್ಟಿದ್ದು ನಿಮಗೊಬ್ಬರಿಗೇ ಗೊತ್ತು. ನಿಮಗೂ ಅದು ಮೈಲಿಗೆ ಎನಿಸಿದರೆ, ತಮ್ಮನ ಜೀವ ನೆನೆದು ಎತ್ತಿಕೊಟ್ಟು, ಅವನಿಗೆ ಹೇಳದೆ ಸುಮ್ಮನಿದ್ದುಬಿಡಿ.